ಬೋಳು ಕೀಬೋರ್ಡ್ ಯಾರ ಪಾಲಿಗೆ?

(1/8)

ಮೊದಲನೇ ಫೋಟೋ ಸ್ವಲ್ಪ ಝೂಮ್ ಮಾಡಿ ನೋಡಿ. ಬಿಕಾಂ ಓದೋರು ಟ್ಯಾಲಿ ಕಲಿಯೋ ಲ್ಯಾಬಿನ ಕೀಬೋರ್ಡ್ ಇದು. ಎ ಇಲ್ಲ. ಎಸ್ ಇಲ್ಲ. ಎಂ ಮತ್ತೆ ಎನ್ ಅಕ್ಕಪಕ್ಕ ಇರೋವು, ಎರಡೂ ಇಲ್ಲ. ಇ ಅರ್ಧ ಉಳಿದಿದೆ, ಹಲ್ಲು ಮುರಿದ ಬಾಚಣಿಗೆ ಥರ. ಎಲ್ ಇದ್ದ ಜಾಗದಲ್ಲಿ ಎಣ್ಣೆ ಹಚ್ಚಿದ ಹಾಗೆ ಒಂದು ಹೊಳಪು, ಅಷ್ಟೇ.

ಲ್ಯಾಬ್ ಅಟೆಂಡರ್‌ಗೆ ಹೇಳಿದೆ. "ಅಣ್ಣಾ, ಇದರಲ್ಲಿ ಅಕ್ಷರಾನೇ ಇಲ್ಲ." ಅವರು ಬಂದು ಪಟಪಟ ಅಂತ ನಾಲ್ಕು ಕೀ ಒತ್ತಿ ತೋರಿಸಿದ್ರು. "ಕೆಲ್ಸ ಮಾಡ್ತಿದೆಯಲ್ಲಮ್ಮಾ? ಪಕ್ಕದವರದ್ದು ನೋಡ್ಕೊಂಡು ಹೊಡಿ."

ಅವರ ಮೇಲೆ ನನಗೆ ಕೋಪ ಇಲ್ಲ. ಸ್ಟಾಕ್ ರಿಜಿಸ್ಟರ್‌ನಲ್ಲಿ ಇರೋದು ಎರಡೇ ಕಾಲಂ, ಸರಿ ಇದೆ ಅಥವಾ ಕೆಟ್ಟಿದೆ. ಒತ್ತಿದ್ರೆ ಸ್ಕ್ರೀನ್ ಮೇಲೆ ಬರುತ್ತೆ, ಹಾಗಾಗಿ ಸರಿ ಇದೆ. ನನ್ನ ಜಗಳ ಈ ಲೆಕ್ಕದ ಜೊತೆ. ಅಕ್ಷರ ಅಳಿಸಿಹೋದ ಕೀಬೋರ್ಡ್ ಕೆಟ್ಟುಹೋದ ಕೀಬೋರ್ಡೇ. ಬೋರ್ಡ್ ಇಲ್ಲದ ಬಸ್ಸೂ ಓಡುತ್ತೆ. ದಿನಾ ಹತ್ತೋರು ಡ್ರೈವರ್ ಮುಖ ನೋಡಿ ಹತ್ತುತ್ತಾರೆ. ಹೊಸಬರು ಏನ್ ಮಾಡ್ಬೇಕು? ಬೋರ್ಡ್ ಬರೆಸಿದ್ದೇ ಅವರಿಗೋಸ್ಕರ ಅಲ್ವಾ?

ಎಂಟು ಪೋಸ್ಟ್ ಆಗುತ್ತೆ. ತಾಳ್ಮೆ ಇರೋರು ಮುಂದೆ ಬನ್ನಿ.

(2/8)

ಮೊದಲು ಅಕ್ಷರ ಯಾಕೆ ಹೋಗುತ್ತೆ ಅಂತ ಹೇಳಿಬಿಡ್ತೀನಿ. ಯಾಕಂದ್ರೆ "ಹುಡುಗ್ರು ಹೊಡೆದು ಹೊಡೆದು ಹಾಳುಮಾಡ್ತಾರೆ" ಅನ್ನೋದು ನಮ್ಮ ತಲೆಗೆ ಕಟ್ಟಿರೋ ಮಾತು.

ಕಡಿಮೆ ಬೆಲೆಯ ಕೀಬೋರ್ಡ್‌ಗಳ ಕೀ ಎಬಿಎಸ್ ಅನ್ನೋ ಪ್ಲಾಸ್ಟಿಕ್‌ದು. ಅದರ ಮೇಲೆ ಅಕ್ಷರ ಅಚ್ಚು ಹಾಕಿರ್ತಾರೆ. ಮೇಲೆ ಅಂದ್ರೆ ನಿಜವಾಗ್ಲೂ ಮೇಲೆ, ತೆಳ್ಳಗಿನ ಒಂದು ಶಾಯಿ ಪದರ. ಬೆರಳಿನ ಬೆವರು, ಎಣ್ಣೆ, ಉಗುರು ಎಲ್ಲಾ ದಿನಾ ಅದನ್ನ ಉಜ್ಜುತ್ತೆ. ಇಂಗ್ಲಿಷಲ್ಲಿ ಜಾಸ್ತಿ ಬರೋ ಅಕ್ಷರ ಇ, ಟಿ, ಎ, ಓ, ಐ, ಎನ್, ಎಸ್. ಹಾಗಾಗಿ ಮೊದಲು ಹೋಗೋವೂ ಅವೇ. ಕ್ಯೂ ಮತ್ತೆ ಝಡ್ ನೋಡಿ, ಮದುವೆ ಮನೆಯಲ್ಲಿ ಯಾರೂ ಮಾತಾಡಿಸದ ನೆಂಟರ ಥರ ಹೊಸದಾಗೇ ಕೂತಿರ್ತವೆ.

ಅಳಿಸದ ಅಕ್ಷರ ಮಾಡೋಕೆ ಬರಲ್ವಾ? ಬರುತ್ತೆ, ಯಾವತ್ತಿಂದಲೋ ಬರುತ್ತೆ. ಎರಡು ಬಣ್ಣದ ಪ್ಲಾಸ್ಟಿಕ್‌ನ ಒಂದರೊಳಗೆ ಒಂದು ಎರಕ ಹೊಯ್ದು ಮಾಡೋ ಕೀಗಳಿವೆ. ಅದರಲ್ಲಿ ಅಕ್ಷರ ಅನ್ನೋದು ಬಣ್ಣ ಅಲ್ಲ, ಪ್ಲಾಸ್ಟಿಕ್ಕೇ, ಕೀ ಸವೆದ್ರೂ ಅಕ್ಷರ ಸವೆಯಲ್ಲ. ಇನ್ನೊಂದು ವಿಧಾನದಲ್ಲಿ ಪಿಬಿಟಿ ಅನ್ನೋ ಗಟ್ಟಿ ಪ್ಲಾಸ್ಟಿಕ್ ಒಳಕ್ಕೆ ಶಾಖದಿಂದ ಬಣ್ಣ ಇಳಿಸ್ತಾರೆ. 1985ರಲ್ಲಿ ಬಂದ ಐಬಿಎಂ ಮಾಡೆಲ್ ಎಂ ಕೀಬೋರ್ಡ್ ಹೀಗೆ ಮಾಡಿದ್ದು. ಅದನ್ನ ಇವತ್ತಿಗೂ ಇಟ್ಕೊಂಡು ಬಳಸೋರಿದ್ದಾರೆ, ಅಕ್ಷರ ಹಾಗೇ ಇದೆ. ನಮ್ಮಪ್ಪ ಸ್ಕೂಲಿಗೆ ಹೋಗ್ತಿದ್ದ ಕಾಲದ ಕೀಬೋರ್ಡಲ್ಲಿ ಎ ಕಾಣುತ್ತೆ, ನಮ್ಮ ಲ್ಯಾಬಿನದ್ದರಲ್ಲಿ ಕಾಣಲ್ಲ.

ಅಂದ್ರೆ ಹುಡುಗ್ರ ಬೆರಳು ಒರಟು ಅಂತಲ್ಲ. ಕೊಳ್ಳುವಾಗ ಅಗ್ಗದ್ದು ನೋಡಿ ಕೊಂಡ್ರು. ಅಗ್ಗದ್ದು ಕೊಳ್ಳಿ, ತಪ್ಪಿಲ್ಲ. ಅಗ್ಗದ್ದು ಬೇಗ ಸವೆಯುತ್ತೆ ಅನ್ನೋದನ್ನೂ ಜೊತೆಗೇ ಒಪ್ಪಿಕೊಳ್ಳಿ.

(3/8)

ಈಗ ದೊಡ್ಡ ಆಕ್ಷೇಪಣೆ. ಈ ಫೋಟೋ ಸ್ಟೋರಿಗೆ ಹಾಕಿದಾಗ ಬಂದ ಉತ್ತರಗಳಲ್ಲಿ ಮುಕ್ಕಾಲು ಪಾಲು ಇದೇ: "ಟೈಪಿಂಗ್ ಬರೋರಿಗೆ ಅಕ್ಷರ ಯಾಕೆ ಬೇಕು? ನೋಡದೇ ಹೊಡಿಯೋದು ಕಲೀರಿ."

ದೊಡ್ಡವರು ಹೇಳಿದಾಗ ಅದರಲ್ಲಿ ಒಂದು ಹೆಮ್ಮೆ ಇರುತ್ತೆ, ಅದನ್ನ ನಾನು ಗೌರವಿಸ್ತೀನಿ. ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗೆ ಹೋಗಿ ಎಎಸ್‌ಡಿಎಫ್ಜಿಎಫ್ ಅಂತ ಹಾಳೆಗಟ್ಟಲೆ ಹೊಡೆದು, ಜೂನಿಯರ್ ಸೀನಿಯರ್ ಪಾಸ್ ಮಾಡಿ ಕೆಲಸ ಹಿಡಿದ ತಲೆಮಾರು ಅದು. ಕೀ ಕಡೆ ಕಣ್ಣು ಹೋದ್ರೆ ಮೇಷ್ಟ್ರು ಸ್ಕೇಲ್ ಎತ್ತುತ್ತಿದ್ರಂತೆ. ಸರಿ. ಆದ್ರೆ ಅವರು ತಿಂಗಳುಗಟ್ಟಲೆ ದಿನಾ ಒಂದು ಗಂಟೆ ಅದನ್ನೇ ಕಲಿತ್ರು, ಅದಕ್ಕೇ ಅಂತ ಫೀಸ್ ಕಟ್ಟಿ. ನಮಗೆ ವಾರಕ್ಕೆ ಒಂದು ಪ್ರಾಕ್ಟಿಕಲ್, ಅದೂ ಒಂದು ಸಿಸ್ಟಮ್‌ಗೆ ಇಬ್ಬರು. ಆ ಹೊತ್ತಲ್ಲಿ ಲೆಡ್ಜರ್ ಕ್ರಿಯೇಟ್ ಮಾಡಬೇಕು, ವೋಚರ್ ಎಂಟ್ರಿ ಹಾಕಬೇಕು, ಬ್ಯಾಲೆನ್ಸ್ ಶೀಟ್ ತೆಗೀಬೇಕು. ಟೈಪಿಂಗ್ ನಮ್ಮ ಸಿಲೆಬಸ್‌ನಲ್ಲೇ ಇಲ್ಲ. ಕಲಿಸದೇ ಇರೋದನ್ನ ಬರುತ್ತೆ ಅಂತ ಅಂದ್ಕೊಂಡು ಸಾಮಾನು ಕೊಡೋದು ಯಾವ ನ್ಯಾಯ?

ಇನ್ನೊಂದು ವಿಷಯ. ಕೀಬೋರ್ಡ್ ಮೇಲಿನ ಜೋಡಣೆ ಊಹೆ ಮಾಡಿ ಕಂಡುಹಿಡಿಯೋ ಥರದ್ದಲ್ಲ. 1870ರ ದಶಕದಲ್ಲಿ ಅಮೆರಿಕದ ಶೋಲ್ಸ್ ಅನ್ನೋರು ಟೈಪ್‌ರೈಟರ್‌ಗೆ ಮಾಡಿದ ಜೋಡಣೆ, 1874ರಲ್ಲಿ ರೆಮಿಂಗ್ಟನ್ ಕಂಪನಿ ಅಂಗಡಿಗೆ ತಂದ ಮೆಷಿನ್ನಲ್ಲಿ ಹೆಚ್ಚುಕಮ್ಮಿ ಇದೇ ಇತ್ತು. ಎಬಿಸಿಡಿ ಕ್ರಮ ಇಲ್ಲ. ನಮ್ಮ ವರ್ಣಮಾಲೆ ಥರ ಕ ಆದ್ಮೇಲೆ ಖ ಬರಬೇಕು ಅನ್ನೋ ನಿಯಮಾನೂ ಇಲ್ಲ. ಒಂದು ಕೀ ಮೇಲೆ ಅಕ್ಷರ ಹೋದ್ರೆ ಪಕ್ಕದ ಎರಡು ಕೀ ನೋಡಿ ಇದು ಇದೇ ಅಂತ ತಿಳಿಯೋಕೆ ದಾರಿನೇ ಇಲ್ಲ. ಕ್ರಮ ಇಲ್ಲದ ಜೋಡಣೆಗೆ ಬರಹ ಒಂದೇ ಆಧಾರ.

"ಕಣ್ಣು ಕಾಣದವರು ಹೊಡಿಯಲ್ವಾ?" ಅಂತನೂ ಒಬ್ಬರು ಕೇಳಿದ್ರು. ಹೊಡೀತಾರೆ, ನಮಗಿಂತ ಚೆನ್ನಾಗಿ ಹೊಡೀತಾರೆ. ಎಫ್ ಮತ್ತೆ ಜೆ ಮೇಲಿನ ಸಣ್ಣ ಗೆರೆ ಮುಟ್ಟಿ ಬೆರಳು ಜೋಡಿಸಿಕೊಳ್ತಾರೆ. ಜೊತೆಗೆ ಎನ್‌ವಿಡಿಎ ಥರದ ಸ್ಕ್ರೀನ್ ರೀಡರ್ ಒತ್ತಿದ ಅಕ್ಷರವನ್ನ ಕಿವಿಗೆ ಹೇಳುತ್ತೆ. ಅಂದ್ರೆ ಅವರಿಗೆ ತರಬೇತಿ ಇದೆ, ಒತ್ತಿದ್ದು ಯಾವುದು ಅಂತ ಹೇಳೋಕೆ ಒಂದು ದನಿಯೂ ಇದೆ. ಅವರ ಹೆಸರು ಹೇಳಿ ನಮ್ಮ ಬಾಯಿ ಮುಚ್ಚಿಸೋ ಮೊದಲು, ಕಾಲೇಜಿನ ಎಷ್ಟು ಸಿಸ್ಟಮ್‌ನಲ್ಲಿ ಆ ಸಾಫ್ಟ್‌ವೇರ್ ಹಾಕಿದ್ದೀರಿ ಹೇಳಿ. ದುಡ್ಡೂ ಕೊಡಬೇಕಿಲ್ಲ ಅದಕ್ಕೆ, ಫ್ರೀ.

(4/8)

ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬೇರೆ ಯಾವುದೂ ಓದದಿದ್ರೂ ಇದೊಂದು ಓದಿ.

ಲ್ಯಾಬಲ್ಲಿ ಒಳ್ಳೆ ಕೀಬೋರ್ಡ್ ಯಾರಿಗೆ ಸಿಗುತ್ತೆ? ಮೊದಲು ಬಂದೋರಿಗೆ. ಯಾರು ಮೊದಲು ಬರೋದು? ಕಾಲೇಜ್ ಹತ್ತಿರ ಮನೆ ಇರೋರು, ಸ್ಕೂಟಿ ಇರೋರು. ಯಾರು ಕೊನೆಗೆ ಬರೋದು? ಊರಿಂದ ಒಂದೇ ಬಸ್ಸು, ಅದು ಬಂದಾಗ ಬರೋರು. ಅಷ್ಟೊತ್ತಿಗೆ ಮೊದಲ ಸಾಲು ತುಂಬಿರುತ್ತೆ. ಉಳಿದಿರೋದು ಗೋಡೆ ಪಕ್ಕದ ಸಾಲು, ಫ್ಯಾನ್ ಇಲ್ಲದ್ದು, ಬೋಳು ಕೀಬೋರ್ಡ್ ಇರೋದು.

ಸ್ಕೂಟಿ ಇರೋರ ಮನೇಲಿ ಸಾಮಾನ್ಯವಾಗಿ ಲ್ಯಾಪ್‌ಟಾಪೂ ಇರುತ್ತೆ. ಅವರಿಗೆ ಎ ಎಲ್ಲಿದೆ ಅಂತ ಬೆರಳಿಗೇ ಗೊತ್ತು. ಅಕ್ಷರ ಇಲ್ಲದಿದ್ರೂ ಅವರಿಗೆ ನಡೆಯುತ್ತೆ. ಬಸ್ಸಲ್ಲಿ ಬರೋರಲ್ಲಿ ಎಷ್ಟೋ ಜನ ಡಿಗ್ರಿಗೆ ಸೇರಿದ ಮೇಲೇ ಮೊದಲ ಸಲ ಕೀಬೋರ್ಡ್ ಮುಟ್ಟಿದ್ದು. ಫೋನಲ್ಲಿ ಬರೆದು ಅಭ್ಯಾಸ, ಅಲ್ಲಿ ಗಾಜಿನ ಮೇಲೆ ಅಕ್ಷರ ಯಾವತ್ತೂ ಅಳಿಸಲ್ಲ. ಅಕ್ಷರ ಬೇಕಾದೋರಿಗೆ ಬೋಳು, ಬೇಡದೋರಿಗೆ ಹೊಸದು. ಯಾರೂ ಬೇಕು ಅಂತ ಹಂಚಿದ್ದಲ್ಲ ಇದು. ಬಸ್ ಟೈಮು ಹಂಚಿದ್ದು. ಆದ್ರೆ ಪರಿಣಾಮ ಮಾತ್ರ ಯಾರೋ ಕೂತು ಲೆಕ್ಕ ಹಾಕಿ ಹಂಚಿದ ಹಾಗೇ ಇದೆ.

ಅಮೇಲೆ ಇನ್ನೊಂದು ನಡೆಯುತ್ತೆ. ಇಬ್ಬರಿಗೆ ಒಂದು ಸಿಸ್ಟಮ್ ಅಂದ್ನಲ್ಲ, ಹುಡುಕಿ ಹುಡುಕಿ ಒತ್ತೋರು ಎರಡು ನಿಮಿಷ ತಡ ಮಾಡಿದ ಕೂಡ್ಲೇ ಜೊತೇಲಿ ಕೂತಿರೋರು "ಕೊಡೇ ಇಲ್ಲಿ, ನಾನ್ ಹೊಡೀತೀನಿ" ಅಂತ ಕೀಬೋರ್ಡ್ ಎಳ್ಕೊಳ್ತಾರೆ. ಒಳ್ಳೆ ಮನಸ್ಸಿಂದಲೇ. ಆ ಸೆಮಿಸ್ಟರ್ ಪೂರ್ತಿ ಅವಳು ಪಕ್ಕದಲ್ಲಿ ಕೂತು ರೆಕಾರ್ಡ್ ಬುಕ್ಕಲ್ಲಿ ಬರೀತಾಳೆ, ಇವಳು ಹೊಡೀತಾಳೆ. ಪ್ರಾಕ್ಟಿಕಲ್ ಎಕ್ಸಾಮ್ ದಿನ ಮಾತ್ರ ಒಬ್ಬರಿಗೆ ಒಂದು ಸಿಸ್ಟಮ್. ಅವತ್ತು ಗೊತ್ತಾಗುತ್ತೆ ಯಾರು ಕಲಿತಿಲ್ಲ ಅಂತ. ಯಾಕೆ ಕಲಿತಿಲ್ಲ ಅಂತ ಮಾತ್ರ ಯಾರೂ ಕೇಳಲ್ಲ. "ಕಂಪ್ಯೂಟರ್ ಅವಳಿಗೆ ಆಗ್ಬರಲ್ಲ" ಅಂತ ಒಂದು ಮಾತು ಅವಳ ಹೆಸರಿಗೆ ಅಂಟಿಕೊಳ್ಳುತ್ತೆ. ಅವಳೂ ಅದನ್ನ ನಂಬ್ತಾಳೆ. ಕೆಲಸ ಹುಡುಕುವಾಗ "ಟ್ಯಾಲಿ ಗೊತ್ತಾ?" ಅಂದ್ರೆ ತಲೆ ತಗ್ಗಿಸ್ತಾಳೆ.

(5/8)

ಕಾಮರ್ಸ್‌ನವರು ಇದನ್ನ ಗಮನ ಇಟ್ಟು ಓದಿ. ಬಲಗಡೆ ನಂಬರ್ ಪ್ಯಾಡ್ ಇದೆಯಲ್ಲ, ಅದೂ ಬೋಳಾದ್ರೆ ಏನಾಗುತ್ತೆ?

ಕೀಬೋರ್ಡ್ ನಂಬರ್ ಪ್ಯಾಡ್‌ನಲ್ಲಿ 7-8-9 ಮೇಲಿನ ಸಾಲು. ಫೋನಲ್ಲಿ ನಂಬರ್ ಒತ್ತುವಾಗ, ಪಿನ್ ಹಾಕುವಾಗ 1-2-3 ಮೇಲಿನ ಸಾಲು. ಕ್ಯಾಲ್ಕುಲೇಟರಲ್ಲಿ 7-8-9 ಮೇಲಿದೆಯಲ್ಲ ಅಂತೀರಾ? ಇದೆ. ಆದ್ರೆ ಅದನ್ನ ನೋಡ್ಕೊಂಡು ಒತ್ತುತ್ತೀವಿ. ನೋಡದೇ ಒತ್ತೋದು ಅಂದ್ರೆ ಬೆರಳು ಹೋಗೋದು ಫೋನಿನ ಅಭ್ಯಾಸಕ್ಕೆ. 4, 5, 6 ನಡುವೆ ಇರೋದರಿಂದ ಬದಲಾಗಲ್ಲ. 1 ಇದ್ದಲ್ಲಿ 7 ಬೀಳುತ್ತೆ, 2 ಇದ್ದಲ್ಲಿ 8, 3 ಇದ್ದಲ್ಲಿ 9.

ನನ್ನ ಪಕ್ಕದ ಸಿಸ್ಟಮ್‌ನ ಹುಡುಗ ಬಾಡಿಗೆ 1,200 ಅಂತ ಪೇಮೆಂಟ್ ವೋಚರ್ ಹಾಕೋಕೆ ಹೋದ. ಬಿದ್ದಿದ್ದು 7,800. ಟ್ಯಾಲಿ ಅದನ್ನ ತಡೀತಾ? ಯಾಕೆ ತಡಿಯುತ್ತೆ? ಡೆಬಿಟ್ ಕಡೆ 7,800 ಹಾಕಿದ್ರೆ ಕ್ರೆಡಿಟ್ ಕಡೆಗೆ ಅದೇ 7,800 ತಾನೇ ತುಂಬಿಕೊಡುತ್ತೆ. ಟ್ರಯಲ್ ಬ್ಯಾಲೆನ್ಸ್ ಕಣ್ಣಿಗೆ ಒತ್ಕೊಳ್ಳೋ ಹಾಗೆ ತಾಳೆ ಆಯ್ತು. ಫಸ್ಟ್ ಸೆಮ್‌ನಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ, ಟ್ರಯಲ್ ಬ್ಯಾಲೆನ್ಸ್ ಹಿಡಿಯಲಾಗದ ತಪ್ಪುಗಳು? ಅದರಲ್ಲಿ ಎರರ್ ಆಫ್ ಒರಿಜಿನಲ್ ಎಂಟ್ರಿ ಅಂತ ಒಂದಿದೆ. ಇದೇ ಅದು. ಲಾಭದಲ್ಲಿ 6,600 ಕಮ್ಮಿ ಬಂದಾಗ ಇಡೀ ಬ್ಯಾಚ್ ಕೂತು ಅವನ ವೋಚರ್ ಒಂದೊಂದೇ ತೆಗೆದು ನೋಡ್ತು.

ಲ್ಯಾಬಲ್ಲಿ ಹೋದದ್ದು ಮಾರ್ಕ್ಸು. ಇದೇ ಥರದ ಕೀಬೋರ್ಡ್ ಸಣ್ಣ ಸಣ್ಣ ಅಂಗಡಿಗಳಲ್ಲಿ, ಆಡಿಟರ್ ಆಫೀಸ್‌ಗಳಲ್ಲೂ ಇರುತ್ತೆ. ಅಲ್ಲಿ ಹೋಗೋದು ಯಾರದ್ದೋ ದುಡ್ಡು.

ಶಾರ್ಟ್‌ಕಟ್ ಕಥೆನೂ ಅಷ್ಟೇ. ಆಲ್ಟ್ ಹಿಡಿದು ಸಿ ಒತ್ತಿದ್ರೆ ಹೊಸ ಲೆಡ್ಜರ್. ಸಿ ಪಕ್ಕದ್ದು ಎಕ್ಸ್. ಆಲ್ಟ್ ಎಕ್ಸ್ ಅಂದ್ರೆ ಹಾಕಿಟ್ಟ ವೋಚರ್ ಕ್ಯಾನ್ಸಲ್. ಕೇಳಿಯೇ ಮಾಡುತ್ತೆ ನಿಜ, ಆದ್ರೆ ಎಕ್ಸಾಮ್ ಗಾಬರಿಯಲ್ಲಿ ಎಂಟರ್ ಒತ್ತದೇ ಇರೋರು ಯಾರು?

(6/8)

ಪಾಸ್‌ವರ್ಡ್ ಬಗ್ಗೆ ಸಣ್ಣದು. ಪೋರ್ಟಲ್‌ಗೆ ಲಾಗಿನ್ ಆಗುವಾಗ ಸ್ಕ್ರೀನ್ ಮೇಲೆ ಬರೋದು ಕಪ್ಪು ಚುಕ್ಕಿ. ಕೈ ಕೆಳಗೆ ಇರೋದು ಬೋಳು ಕೀ. ಮೇಲೂ ಕುರುಡು, ಕೆಳಗೂ ಕುರುಡು. ನಾಲ್ಕು ಸಲ ತಪ್ಪಿದ್ರೆ ಲಾಕ್. ಆಮೇಲೆ ಓಟಿಪಿ, ಲ್ಯಾಬಲ್ಲಿ ನೆಟ್‌ವರ್ಕ್ ಸಿಗಲ್ಲ. ಮುಂದಿನದು ನಿಮಗೇ ಗೊತ್ತು.

ಈಗ ಕನ್ನಡ. ಕೆ.ಪಿ. ರಾವ್ ಅವರು ರೂಪಿಸಿದ ಜೋಡಣೆ ಇದೆಯಲ್ಲ, ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಬಂದದ್ದು, ಅದರ ಚೆಂದ ಏನಂದ್ರೆ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯೇ ದಾರಿ ತೋರಿಸುತ್ತೆ. ಕೆ ಒತ್ತಿದ್ರೆ ಕ, ಶಿಫ್ಟ್ ಹಿಡಿದು ಕೆ ಒತ್ತಿದ್ರೆ ಖ. ಒತ್ತಕ್ಷರಕ್ಕೆ ನಡುವೆ ಎಫ್. ಅಕ್ಕ ಅಂತ ಬರೀಬೇಕಾ? ಎ, ಕೆ, ಎಫ್, ಕೆ. ಇಷ್ಟು ಸುಲಭ. ಕೀ ಮೇಲೆ ಒಂದೇ ಒಂದು ಕನ್ನಡ ಅಕ್ಷರ ಅಚ್ಚು ಹಾಕದೇ ಕನ್ನಡ ಬರೆಸಿದ ಜಾಣತನ ಅದು. ಆದ್ರೆ ಆ ಜಾಣತನ ನಿಂತಿರೋದು ಇಂಗ್ಲಿಷ್ ಅಕ್ಷರ ಕಾಣುತ್ತೆ ಅನ್ನೋದರ ಮೇಲೆ. ಅದು ಅಳಿಸಿದ್ರೆ ಇಂಗ್ಲಿಷ್ ಜೊತೆ ಕನ್ನಡನೂ ಹೋಯ್ತು.

ಇನ್‌ಸ್ಕ್ರಿಪ್ಟ್ ಬೇರೆ ಥರ. ಸ್ವರ ಎಡಗಡೆ, ವ್ಯಂಜನ ಬಲಗಡೆ, ಭಾರತದ ಬೇರೆ ಭಾಷೆಗಳಿಗೂ ಅದೇ ಕ್ರಮ. ವಿಂಡೋಸ್‌ನಲ್ಲೇ ಇದೆ. ಒಳ್ಳೇದೇ. ಆದ್ರೆ ಅಂಗಡಿಯಲ್ಲಿ ಕೇಳಿ ನೋಡಿ, ಕನ್ನಡ ಅಕ್ಷರ ಅಚ್ಚಾಗಿರೋ ಕೀಬೋರ್ಡ್ ಕೊಡಿ ಅಂತ. ನಾನು ಕೇಳಿದ ಮೂರು ಅಂಗಡಿಯಲ್ಲೂ ನನ್ನ ಮುಖ ನೋಡಿದ್ರು. ಅಂದ್ರೆ ಕನ್ನಡದವರಿಗೆ ಕೀಬೋರ್ಡ್ ಅನ್ನೋದು ಡಬ್ಬದಿಂದ ತೆಗೆದ ದಿನವೇ ಬೋಳು. ಅದಕ್ಕೇ ಇರಬೇಕು, ಅಕ್ಷರ ಇಲ್ಲದಿದ್ರೂ ಹೊಂದಿಕೊಂಡು ಹೋಗೋದು ನಮಗೆ ಇಷ್ಟು ಅಭ್ಯಾಸ ಆಗಿರೋದು. ಈ ವಿಷಯಕ್ಕೆ ಬೇರೇನೇ ಸೀರೀಸ್ ಬೇಕು, ಸದ್ಯಕ್ಕೆ ಬಿಡ್ತೀನಿ.

ಹಾಂ, ಒಂದು ತಮಾಷೆ. ಬೇಕು ಅಂತಲೇ ಬೋಳು ಕೀಬೋರ್ಡ್ ಮಾರಿದ ಕಂಪನಿ ಇದೆ, ದಾಸ್ ಕೀಬೋರ್ಡ್, ಅಮೆರಿಕದ್ದು, 2005ರಲ್ಲಿ. ದಾಸ್ ಅಂದ್ರೆ ನಮ್ಮ ದಾಸರಲ್ಲ, ಜರ್ಮನ್ ಪದ. ಒಂದೂ ಅಕ್ಷರ ಇಲ್ಲದ ಆ ಕಪ್ಪು ಕೀಬೋರ್ಡ್‌ನ ಪ್ರೋಗ್ರಾಮರ್‌ಗಳು ಖುಷಿಯಾಗಿ ದುಡ್ಡು ಕೊಟ್ಟು ಕೊಂಡ್ರು. ಇದನ್ನ ಯಾರೋ ನನಗೆ ಲಿಂಕ್ ಕಳಿಸಿ "ನೋಡು, ಇದು ಸ್ಟೈಲು" ಅಂದ್ರು. ಅವರು ಉಪವಾಸ ಮಾಡ್ತಿದ್ದಾರೆ ಸ್ವಾಮಿ, ನಾವು ಹಸ್ಕೊಂಡಿದ್ದೀವಿ. ಎರಡೂ ಒಂದೇನಾ?

(7/8)

ದುಡ್ಡಿನ ವಿಷಯ. "ಬಜೆಟ್ ಇಲ್ಲಮ್ಮ, ಹೊಸ ಕಂಪ್ಯೂಟರ್ ಬರುವಾಗ ಬರುತ್ತೆ." ಇದು ಬಿಕಾಂ ಓದೋರಿಗೆ ಹೇಳೋ ಮಾತಲ್ಲ.

ಹೊಸ ಕಂಪ್ಯೂಟರ್ ತರೋದು ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ಅದಕ್ಕೆ ಮಂಜೂರಾತಿ, ಕೊಟೇಶನ್ನು ಎಲ್ಲಾ ಬೇಕು, ಒಪ್ತೀನಿ. ಕೀಬೋರ್ಡ್ ಬದಲಾಯಿಸೋದು ರಿಪೇರಿ, ರೆವಿನ್ಯೂ ಎಕ್ಸ್‌ಪೆಂಡಿಚರ್. ಸೀಮೆಸುಣ್ಣ, ಪ್ರಿಂಟರ್ ಇಂಕು, ಟ್ಯೂಬ್‌ಲೈಟ್ ತರೋ ತಲೆಬರಹದಲ್ಲೇ ಇದೂ ಬರುತ್ತೆ. ಟ್ಯೂಬ್‌ಲೈಟ್ ಹೋದ್ರೆ "ಹೊಸ ಬಿಲ್ಡಿಂಗ್ ಕಟ್ಟುವಾಗ ಹಾಕ್ತೀವಿ" ಅಂತ ಯಾರಾದ್ರೂ ಹೇಳ್ತಾರಾ?

ಆದಾಯ ತೆರಿಗೆ ಲೆಕ್ಕದಲ್ಲಿ ಕಂಪ್ಯೂಟರ್‌ಗೆ ವರ್ಷಕ್ಕೆ 40% ಸವಕಳಿ. ಪೀಠೋಪಕರಣಕ್ಕೆ 10%. 40,000 ರೂಪಾಯಿ ಸಿಸ್ಟಮ್ ಒಂದು ವರ್ಷಕ್ಕೆ 24,000, ಎರಡಕ್ಕೆ 14,400, ಮೂರಕ್ಕೆ 8,640. ಕಂಪ್ಯೂಟರ್ ಬೇಗ ಹಳತಾಗುತ್ತೆ ಅಂತ ಕಾನೂನೇ ಒಪ್ಪುತ್ತೆ. ಅದನ್ನ ನಮಗೆ ಬೋರ್ಡ್ ಮೇಲೆ ಬರೆದು ಕಲಿಸ್ತಾರೆ. ಅದೇ ಬೋರ್ಡ್‌ನಿಂದ ಹತ್ತು ಹೆಜ್ಜೆ ಆಚೆ ಇರೋ ಲ್ಯಾಬಲ್ಲಿ ಕೀಬೋರ್ಡ್ ಮಾತ್ರ ಚಿರಂಜೀವಿ.

ನಮ್ಮ ಕ್ಲಾಸಲ್ಲಿ ತಲಾ ಇಪ್ಪತ್ತು ರೂಪಾಯಿ ಹಾಕಿ ನಾವೇ ಸ್ಟಿಕ್ಕರ್ ತರೋಣ ಅಂತ ಮಾತು ಬಂತು. ನಾನು ಬೇಡ ಅಂದೆ, ಜಿಪುಣಿ ಅಂತ ಹೆಸರೂ ಬಂತು. ಇಪ್ಪತ್ತು ರೂಪಾಯಿ ಅಲ್ಲ ವಿಷಯ. ಫೀಸ್ ರಸೀದಿ ತೆಗೆದು ನೋಡಿ, ಲ್ಯಾಬ್ ಅಂತ ಒಂದು ಸಾಲಿದೆ. ಅದನ್ನ ಕಟ್ಟಿ ಆಗಿದೆ. ಒಂದೇ ಖರ್ಚಿಗೆ ಎರಡು ಸಲ ಡೆಬಿಟ್ ಮಾಡೋದನ್ನ ಯಾವ ಮೇಷ್ಟ್ರೂ ನಮಗೆ ಕಲಿಸಿಲ್ಲ.

(8/8)

ಹಾಗಂತ ಕೈ ಕಟ್ಕೊಂಡು ಕೂರೋಕಾಗಲ್ಲ, ಪ್ರಾಕ್ಟಿಕಲ್ಸ್ ಹತ್ರ ಬಂದಿದೆ. ಕೊನೇ ಫೋಟೋ ನೋಡಿ.

ಹಾಳಾಗಿ ಮೂಲೆ ಸೇರಿದ ಕೀಬೋರ್ಡ್‌ಗಳು ಪ್ರತಿ ಕಾಲೇಜಲ್ಲೂ ಸ್ಟೋರ್ ರೂಮಲ್ಲಿ ರಾಶಿ ಬಿದ್ದಿರ್ತವೆ. ಅವುಗಳಲ್ಲಿ ಕೆಟ್ಟಿರೋದು ವೈರೋ ಒಳಗಿನ ಹಾಳೆಯೋ, ಕೀಗಳು ಚೆನ್ನಾಗೇ ಇರ್ತವೆ. ಅದೇ ಮಾಡೆಲ್ ಆಗಿದ್ರೆ ಕೀ ಕಿತ್ತು ಇದಕ್ಕೆ ಹಾಕಬಹುದು. ಅಟೆಂಡರ್ ಅಣ್ಣನ್ನ ಕೇಳಿ, ಸಿಸ್ಟಮ್ ಆಫ್ ಮಾಡಿ, ನೇರಕ್ಕೆ ಮೇಲೆತ್ತಿ. ಸ್ಪೇಸ್ ಬಾರ್, ಎಂಟರ್ ಮುಟ್ಟೋಕೆ ಹೋಗ್ಬೇಡಿ, ಅಡಿಯಲ್ಲಿ ತಂತಿ ಇರುತ್ತೆ, ವಾಪಸ್ ಕೂರಿಸೋದು ಕಷ್ಟ. ಹೀಗೆ ನಮ್ಮ ಗೋಡೆ ಸಾಲಿನ ಎರಡು ಕೀಬೋರ್ಡ್‌ಗೆ ಎ, ಎಸ್, ಎನ್, ಎಲ್ ವಾಪಸ್ ಬಂತು. ಖರ್ಚು ಸೊನ್ನೆ.

ಮಾರ್ಕರ್‌ನಲ್ಲಿ ಬರೀಬೇಡಿ, ವಾರದಲ್ಲಿ ಹೋಗುತ್ತೆ, ಬೆರಳು ಕಪ್ಪಾಗುತ್ತೆ. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಕೀಬೋರ್ಡ್ ಒರೆಸೋ ಬುದ್ಧಿವಂತರು ಇದ್ದಾರೆ, ಅದರಲ್ಲಿ ಅಸಿಟೋನ್ ಇದ್ರೆ ಅಕ್ಷರದ ಜೊತೆ ಪ್ಲಾಸ್ಟಿಕ್ಕೂ ಕರಗುತ್ತೆ. ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆ ಸಾಕು. ಎಕ್ಸಾಮ್ ಹೊತ್ತಲ್ಲಿ ಬೋಳು ಸಿಸ್ಟಮ್ ಸಿಕ್ಕಿದ್ರೆ ವಿಂಡೋಸ್ ಕೀ, ಕಂಟ್ರೋಲ್, ಓ ಮೂರೂ ಒಟ್ಟಿಗೆ ಒತ್ತಿ, ಸ್ಕ್ರೀನ್ ಮೇಲೆ ಕೀಬೋರ್ಡ್ ಬರುತ್ತೆ. ಎಕ್ಸಾಮಿನರ್‌ಗೆ ಹೇಳಿ ಒತ್ತಿ. ಓ ಎಲ್ಲಿದೆ ಅಂತ ಕೇಳಿದ್ರಾ? ಮೇಲಿನ ಸಾಲಲ್ಲಿ ಪಿ ಪಕ್ಕ, ಎಡಕ್ಕೆ. ಪಿ ಇನ್ನೂ ಉಳಿದಿರುತ್ತೆ ಅಂತ ನನ್ನ ನಂಬಿಕೆ.

ಪ್ರಿನ್ಸಿಪಾಲರಿಗೆ ಅರ್ಜಿ ಬರೆಯುವಾಗ "ಕೀಬೋರ್ಡ್ ಸರಿ ಇಲ್ಲ" ಅಂತ ಬರೀಬೇಡಿ. ಅದಕ್ಕೆ ಉತ್ತರ ನಮಗೆ ಗೊತ್ತಲ್ಲ, ಒತ್ತಿದ್ರೆ ಕೆಲ್ಸ ಮಾಡುತ್ತೆ. ಸಿಸ್ಟಮ್ ನಂಬರ್, ಅದರ ಮುಂದೆ ಯಾವ ಯಾವ ಕೀ ಬೋಳು, ಅಷ್ಟು ಪಟ್ಟಿ ಮಾಡಿ. ನಾವು ಮಾಡಿದ್ದು ಒಂದೂವರೆ ಪುಟ ಬಂತು, ಲ್ಯಾಬ್ ಮೇಡಂ ಕೂಡ ಸಹಿ ಹಾಕಿದ್ರು. ಸೋಮವಾರ ಕೊಟ್ಟಿದ್ದೀವಿ. ಸ್ವೀಕರಿಸಿದೆ ಅಂತ ಸೀಲ್ ಹಾಕಿಸಿಕೊಂಡು ಇನ್ನೊಂದು ಪ್ರತಿ ನಮ್ಮ ಹತ್ರಾನೇ ಇದೆ.

ನಿಮ್ಮ ಲ್ಯಾಬಿನ ಫೋಟೋ ಕಳಿಸಿ. ಕಾಲೇಜಿನ ಹೆಸರು ಬೇಡ, ಯಾವ ಕೀ ಹೋಗಿದೆ ಅಂತ ಕಾಣೋ ಹಾಗಿದ್ರೆ ಸಾಕು.

#ಬೋಳುಕೀಬೋರ್ಡ್ #ಬಿಕಾಂ #ಟ್ಯಾಲಿಲ್ಯಾಬ್ #ಕನ್ನಡ